ಕಾಂಕ್ರೀಟಿಗೆ ಇನ್ನೆಷ್ಟು ವರ್ಷ? ಲೆಕ್ಕ ಹಾಕುವವರ ಕಷ್ಟಸುಖ

ನನ್ನ ಮೇಜಿನ ಮೇಲೆ ಯಾವಾಗಲೂ ಒಂದು ಕಾಂಕ್ರೀಟ್ ಚಕ್ಕೆ ಇರುತ್ತದೆ. ಇವತ್ತು ಜೊತೆಗೇ ತಂದಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ. ಅಂಗೈ ಅಗಲ ಇದೆ, ಒಂದೂವರೆ ಬೆರಳು ದಪ್ಪ. ಒಂದು ಮುಖ ನುಣ್ಣಗಿದೆ, ಬಣ್ಣ ಬಳಿದ ಗುರುತೂ ಇದೆ. ತಿರುಗಿಸಿ ನೋಡಿದರೆ ಕೊಳವೆಯನ್ನು ಉದ್ದಕ್ಕೆ ಸೀಳಿದ ಹಾಗೆ ಒಂದು ಗುಳಿ. ಅದರ ತುಂಬ ಇಟ್ಟಿಗೆ ಬಣ್ಣದ ಪುಡಿ. ಆ ಗುಳಿಯಲ್ಲಿ ಕಂಬಿ ಇತ್ತು. ಪುಡಿ ಅದರ ತುಕ್ಕು. ಕೈಗೆ ಮೆತ್ತಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಇದನ್ನು ಯಾರೂ ಸುತ್ತಿಗೆಯಿಂದ ಒಡೆದದ್ದಲ್ಲ. ಒಂದು ಬೀಮಿನ ಅಡಿಯಿಂದ ತಾನೇ ಕಳಚಿಕೊಂಡು ಬಿತ್ತು. ಭಾರ ಜಾಸ್ತಿ ಆಗಿರಲಿಲ್ಲ. ಭೂಮಿ ನಡುಗಿರಲಿಲ್ಲ. ವರ್ಷಗಟ್ಟಲೆ ಒಳಗೊಳಗೇ ರಸಾಯನದ ಕೆಲಸ ನಡೆದಿತ್ತು, ಅಷ್ಟೇ. ಇಂಥದ್ದು ಬಿದ್ದ ಮೇಲೆ ಕಟ್ಟಡದವರು ನಮ್ಮನ್ನು ಕರೆಸುತ್ತಾರೆ, ಕೇಳುವುದು ಮಾತ್ರ ಒಂದೇ ಪ್ರಶ್ನೆ: "ಇನ್ನೆಷ್ಟು ವರ್ಷ ಬರುತ್ತೆ ಸಾರ್?"

ಅದಕ್ಕೆ ಉತ್ತರ ಹುಡುಕಲು ನಾವು ಬರೆಯುವ ಲೆಕ್ಕವನ್ನೇ ಮಾದರಿ ಅನ್ನುವುದು. ಗಣಿತದ ಮಾದರಿ. ಅದರ ಒಳಗೆ ಏನಿರುತ್ತದೆ, ಅದು ಎಲ್ಲಿ ನಿಜ ಹೇಳುತ್ತದೆ, ಎಲ್ಲಿ ನಮ್ಮನ್ನು ಏಮಾರಿಸುತ್ತದೆ ಎಂದು ಹೇಳುವುದಕ್ಕೇ ಬಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಜಗಳ ಆಡಬಹುದು. ಮಾದರಿ ಕೊಡುವ ವರ್ಷವನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಯಾವ ಅಂಕಿ ಚೂರು ಅಲುಗಿದರೆ ಆ ವರ್ಷ ಪೂರ್ತಿ ಅಲುಗಾಡುತ್ತದೆ ಅನ್ನುವುದನ್ನು ಅದು ತೋರಿಸುತ್ತದಲ್ಲ, ನನಗೆ ಬೇಕಾಗಿರುವುದು ಅದು.

ಮೊದಲು ಕಾಂಕ್ರೀಟಿನ ಒಳಗೆ ಹೋಗೋಣ. ಸಿಮೆಂಟಿಗೆ ನೀರು ಸೇರಿದಾಗ ಎರಡು ಮುಖ್ಯ ವಸ್ತುಗಳು ಹುಟ್ಟುತ್ತವೆ. ಒಂದು, ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟು. ಜಲ್ಲಿ, ಮರಳನ್ನು ಕಚ್ಚಿ ಹಿಡಿಯುವುದು ಅದೇ. ಇನ್ನೊಂದು ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಗಟ್ಟಿತನಕ್ಕೆ ಈ ಸುಣ್ಣದಿಂದ ಹೇಳಿಕೊಳ್ಳುವಂಥ ಉಪಕಾರ ಇಲ್ಲ. ಆದರೆ ಅದು ಬೇರೆ ಕೆಲಸ ಮಾಡುತ್ತದೆ. ಕಾಂಕ್ರೀಟಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವುಗಳಲ್ಲಿ ನೀರಿದೆ. ಸಿಮೆಂಟಿನಲ್ಲಿರುವ ಸೋಡಿಯಂ, ಪೊಟ್ಯಾಸಿಯಂ ಮತ್ತು ಈ ಸುಣ್ಣ ಸೇರಿ ಆ ನೀರಿನ ಪಿಎಚ್ ಅನ್ನು 13ರ ಆಸುಪಾಸಿಗೆ ಏರಿಸುತ್ತವೆ. ಹಸಿ ಸಿಮೆಂಟ್ ಕಲಸಿದವರ ಕೈ ಸುಡುವುದು ಈ ಕ್ಷಾರದಿಂದಲೇ.

ಕೈ ಸುಡುವ ಕ್ಷಾರ ಕಬ್ಬಿಣಕ್ಕೆ ಮಾತ್ರ ಕವಚ. ಅದರಲ್ಲಿ ಮುಳುಗಿರುವ ಕಂಬಿಯ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕೂರುತ್ತದೆ. ಆ ಪೊರೆ ಇರುವತನಕ ತುಕ್ಕು ಇಲ್ಲವೆಂದೇ ಹೇಳಬಹುದು. ಹಾಗಾದರೆ ನಮ್ಮ ಲೆಕ್ಕ ಏನು? ಈ ಪೊರೆ ಯಾವಾಗ ಹೋಗುತ್ತದೆ, ಹೋದ ಮೇಲೆ ಎಷ್ಟು ಬೇಗ ತುಕ್ಕು ಬೆಳೆದು ಕಾಂಕ್ರೀಟನ್ನು ಸೀಳುತ್ತದೆ. ಸ್ವೀಡನ್ನಿನಲ್ಲಿ ಕ್ಯೋಸ್ತಿ ತೂತ್ತಿ ಎಂಬವರು 1982ರಲ್ಲಿ ಇದನ್ನೇ ಒಂದು ಚಿತ್ರ ಮಾಡಿ ತೋರಿಸಿದರು. ಮೊದಲು ಉದ್ದಕ್ಕೆ ಮಲಗಿದ ಒಂದು ಗೆರೆ, ಆಮೇಲೆ ಏರುವ ಗೆರೆ. ಮಲಗಿದ ಗೆರೆ ಶತ್ರು ಒಳಗೆ ನಡೆದು ಬರುವ ಕಾಲ, ಏರುವ ಗೆರೆ ತುಕ್ಕಿನ ಕಾಲ. ನಲವತ್ತು ವರ್ಷ ದಾಟಿದರೂ ನಾವೆಲ್ಲ ಬಳಸುವುದು ಆ ಎರಡು ಗೆರೆಗಳನ್ನೇ.

ಒಳಗೆ ಬರುವವರಲ್ಲಿ ಮೊದಲನೆಯದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಅದು ರಂಧ್ರಗಳ ಮೂಲಕ ನುಸುಳಿ, ಸುಣ್ಣದ ಜೊತೆ ಸೇರಿ, ಸುಣ್ಣದಕಲ್ಲು ಆಗುತ್ತದೆ. ಕ್ಷಾರ ಇಳಿಯುತ್ತದೆ, ಪಿಎಚ್ 9ಕ್ಕಿಂತ ಕೆಳಗೆ ಬರುತ್ತದೆ. ಕಾರ್ಬನೇಷನ್ ಎನ್ನುವುದು ಇದಕ್ಕೆ. ತಮಾಷೆ ಏನೆಂದರೆ, ಕಾಂಕ್ರೀಟಿಗೆ ಇದರಿಂದ ನಷ್ಟ ಇಲ್ಲ. ಎಷ್ಟೋ ಸಲ ಮೇಲ್ಪದರ ಇನ್ನೂ ಗಟ್ಟಿಯೇ ಆಗುತ್ತದೆ. ನಷ್ಟ ಏನಿದ್ದರೂ ಕಂಬಿಗೆ.

ಇದನ್ನು ಅಳೆಯುವುದು ನೋಡಲು ಚಂದ. ಕೋರ್, ಅಂದರೆ ಕಾಂಕ್ರೀಟಿನಿಂದ ಕೊರೆದ ದುಂಡನೆ ತುಂಡು, ತೆಗೆದು, ಉಳಿಯಿಟ್ಟು ಉದ್ದಕ್ಕೆ ಸೀಳಬೇಕು. ಪುಡಿಯನ್ನು ಊದಿ ತೆಗೆಯಬೇಕು. ಗರಗಸದಲ್ಲಿ ಕೊಯ್ದರೆ ಸುಣ್ಣದ ಹಿಟ್ಟು ಎಲ್ಲ ಕಡೆ ಮೆತ್ತಿಕೊಂಡು ಸುಳ್ಳು ಹೇಳುತ್ತದೆ, ಅದಕ್ಕೇ ಸೀಳುವುದು. ಆಮೇಲೆ ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸುವುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಆಮ್ಲ, ಪ್ರತ್ಯಾಮ್ಲ ಅಳೆಯಲು ಬಳಸುತ್ತಿದ್ದೆವಲ್ಲ, ಅದೇ. ಕ್ಷಣದಲ್ಲಿ ಒಳಭಾಗ ಗಾಢ ಗುಲಾಬಿ ಆಗುತ್ತದೆ. ಹೊರಗಿನ ಅಂಚು ಮಾತ್ರ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪಟ್ಟಿಯ ಅಗಲವೇ ಕಾರ್ಬನೇಷನ್ ಆಳ. ಹತ್ತಿರ ಹಿಡಿದು ನೋಡಿ, ಗಡಿ ನೇರ ಇರುವುದಿಲ್ಲ. ದೊಡ್ಡ ಜಲ್ಲಿಕಲ್ಲು ಅಡ್ಡ ಬಂದ ಕಡೆ ಸುತ್ತಿ ಹೋಗಿರುತ್ತದೆ. ಸಣ್ಣ ಬಿರುಕು ಇದ್ದರೆ ಅಲ್ಲಿ ಬೂದು ಬಣ್ಣ ಗುಲಾಬಿಯ ಒಳಗೆ ಬೆರಳು ಚಾಚಿದ ಹಾಗೆ ಕಾಣುತ್ತದೆ. ನಮ್ಮ ಸಮೀಕರಣಕ್ಕೆ ಈ ಬೆರಳು ಗೊತ್ತಿಲ್ಲ. ಅದು ಒಂದು ಸರಾಸರಿ ಆಳ ಕೇಳುತ್ತದೆ, ನಾವು ಕೊಡುತ್ತೇವೆ.

ಸಮೀಕರಣ ಬಹಳ ಸರಳ. ಆಳ ಅಂದರೆ ಒಂದು ಅಂಕಿ ಗುಣಿಸು ಕಾಲದ ವರ್ಗಮೂಲ. ಆ ಅಂಕಿಯನ್ನು ಕೆ ಅನ್ನೋಣ. ಯಾಕೆ ವರ್ಗಮೂಲ? ಇದನ್ನು ಸೂತ್ರ ಇಲ್ಲದೆ ಹೇಳಬಹುದು. ಟಿಪ್ಪರ್ ಒಂದು ಜಲ್ಲಿ ರಸ್ತೆ ಹಾಕುತ್ತಿದೆ ಅಂದುಕೊಳ್ಳಿ. ಜಲ್ಲಿ ತುಂಬುವ ಜಾಗ ರಸ್ತೆಯ ಶುರುವಿನಲ್ಲೇ ಇದೆ. ಪ್ರತಿ ಲೋಡನ್ನೂ ಹಾಕಿದ ರಸ್ತೆಯ ಮೇಲೇ ಓಡಿಸಿ, ಕೊನೆಯಲ್ಲಿ ಸುರಿಯಬೇಕು. ರಸ್ತೆ ಉದ್ದ ಆದಷ್ಟೂ ಟಿಪ್ಪರಿನ ಓಡಾಟ ಉದ್ದ ಆಗುತ್ತದೆ, ಕೆಲಸ ನಿಧಾನ ಆಗುತ್ತದೆ. ಇಂಗಾಲದ ಡೈಆಕ್ಸೈಡಿನ ಕಥೆಯೂ ಇದೇ. ಈಗಾಗಲೇ ಗೆದ್ದ ಪದರವನ್ನು ಹಾದು ಹೋಗಿ ಮುಂದಿನ ಸುಣ್ಣವನ್ನು ಮುಟ್ಟಬೇಕು.

ಒಂದು ಕಟ್ಟಡಕ್ಕೆ 16 ವರ್ಷ ಆಗಿದೆ, ಬೂದು ಪಟ್ಟಿ 12 ಮಿ.ಮೀ. ಇದೆ ಅಂದುಕೊಳ್ಳಿ. 16ರ ವರ್ಗಮೂಲ 4. ಕೆ ಅಂದರೆ 3. ಈಗ ಕಂಬಿ ಮೇಲ್ಮೈಯಿಂದ 30 ಮಿ.ಮೀ. ಒಳಗೆ ಇದ್ದರೆ, ಗಡಿ ಅಲ್ಲಿ ತಲುಪಲು 100 ವರ್ಷ ಬೇಕು. ಅದೇ ಕಂಬಿ 15 ಮಿ.ಮೀ. ಒಳಗಿದ್ದರೆ? ಅರ್ಧ ಅಂದರೆ 50 ವರ್ಷ ಅನ್ನುತ್ತೀರಾ? ಅಲ್ಲ, 25. ಕಂಬಿಯ ಮೇಲಿರುವ ಈ ಕಾಂಕ್ರೀಟ್ ಹೊದಿಕೆಯನ್ನು ಕವರ್ ಅನ್ನುತ್ತೇವೆ. ಕವರ್ ಅರ್ಧ ಆದರೆ ಕಾಲ ನಾಲ್ಕನೇ ಒಂದು ಪಾಲು ಆಗುತ್ತದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತೇನೆ.

ಕೆ ಮಾತ್ರ ಎಲ್ಲ ಕಡೆ ಒಂದೇ ಇರುವುದಿಲ್ಲ. ನೀರು ಸಿಮೆಂಟಿನ ಪ್ರಮಾಣ, ಕ್ಯೂರಿಂಗ್, ಗಾಳಿಯ ತೇವ, ಎಲ್ಲವೂ ಅದರೊಳಗೆ ಸೇರಿಕೊಂಡಿವೆ. ತೇವದ ವಿಷಯ ಸ್ವಾರಸ್ಯವಾಗಿದೆ. ರಂಧ್ರಗಳಲ್ಲಿ ನೀರು ತುಂಬಿದ್ದರೆ ಅನಿಲ ಒಳಗೆ ಹೋಗುವುದೇ ಕಷ್ಟ. ಗಾಳಿಯಲ್ಲಿ ಸಾಗುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಪೂರ್ತಿ ಒಣಗಿದ್ದರೆ ರಾಸಾಯನಿಕ ಕ್ರಿಯೆಗೆ ಬೇಕಾದ ನೀರೇ ಇಲ್ಲ. ಹಾಗಾಗಿ ಗಾಳಿಯ ತೇವಾಂಶ ಶೇಕಡಾ 50ರಿಂದ 70ರ ನಡುವೆ ಇದ್ದಾಗ ಕಾರ್ಬನೇಷನ್ ಅತಿ ವೇಗ. ಮಳೆ ಕಾಣದ ಒಳಗೋಡೆಯಲ್ಲಿ ಗಡಿ ಸರಸರನೆ ಹೋಗಿರುತ್ತದೆ, ಆದರೆ ಅಲ್ಲಿ ತುಕ್ಕು ಹಿಡಿಯಲು ನೀರಿಲ್ಲ. ಮಳೆಗೆ ನೆನೆಯುವ ಗೋಡೆಯಲ್ಲಿ ನೀರಿದೆ, ಗಡಿ ಇನ್ನೂ ಬಂದಿರುವುದಿಲ್ಲ. ಕೆಡುವುದು ಎಲ್ಲಿ ಅಂದರೆ ಎರಡೂ ಸಿಗುವ ಕಡೆ. ಬಹುಕಾಲ ಒಣಗಿದ್ದು ಆಗಾಗ ನೆನೆಯುವ ಸಜ್ಜದ ಅಂಚು, ಬಾಲ್ಕನಿಯ ಅಡಿ. ನಿಮ್ಮ ಕೈಗೆ ಬಂದ ಚಕ್ಕೆಯೂ ಅಂಥ ಜಾಗದ್ದೇ. ಎರಡು ಗೆರೆಗಳನ್ನು ಬೇರೆ ಬೇರೆ ಲೆಕ್ಕ ಹಾಕಿ ಸುಮ್ನೆ ಕೂಡಿಸಿದರೆ ಯಾಕೆ ತಪ್ಪುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಉಪನ್ಯಾಸ ಎಲ್ಲೇ ಕೊಟ್ಟರೂ ಒಬ್ಬರಾದರೂ ಕೇಳುತ್ತಾರೆ: "ರೋಮನ್ನರ ಕಾಂಕ್ರೀಟ್ ಎರಡು ಸಾವಿರ ವರ್ಷ ನಿಂತಿದೆ, ನಿಮ್ಮದು ಐವತ್ತಕ್ಕೆ ಬೀಳುತ್ತೆ, ಯಾಕೆ?" ರೋಮಿನ ಪ್ಯಾಂಥಿಯನ್ ಗುಮ್ಮಟವನ್ನು ನೋಡಿದರೆ ಯಾರಿಗಾದರೂ ಹಾಗನ್ನಿಸುತ್ತದೆ. ಅವರ ಸುಣ್ಣ ಮತ್ತು ಜ್ವಾಲಾಮುಖಿ ಬೂದಿಯ ಮಿಶ್ರಣ ಒಳ್ಳೆಯದೇ. ಆದರೆ ಮುಖ್ಯ ಗುಟ್ಟು ಬೇರೆ. ಅದರಲ್ಲಿ ಕಂಬಿಯೇ ಇಲ್ಲ. ತುಕ್ಕು ಹಿಡಿಯಲು ಏನೂ ಇಲ್ಲದಿದ್ದರೆ ಕಾರ್ಬನೇಷನ್ ಆದರೇನು, ಬಿಟ್ಟರೇನು? ಕಂಬಿ ಇಲ್ಲದೆ ಇವತ್ತಿನ ತೆಳು ಸ್ಲ್ಯಾಬ್, ಉದ್ದನೆ ಬೀಮ್ ಕಟ್ಟಲಾಗುವುದಿಲ್ಲ. ಇನ್ನೊಂದು ದಾರಿಯೂ ಇದೆ ಅನ್ನಿ. ಮೆಕ್ಸಿಕೋದ ಪ್ರೊಗ್ರೆಸೊದಲ್ಲಿ 1940ರ ಸುಮಾರಿಗೆ ಸಮುದ್ರದೊಳಕ್ಕೆ ಕಟ್ಟಿದ ಒಂದು ಉದ್ದನೆಯ ಕಟ್ಟೆ ಇದೆ. ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಕಂಬಿ ಹಾಕಿದ್ದರು. ಅದು ಗಟ್ಟಿಯಾಗಿಯೇ ನಿಂತಿತು. ಅದರ ಪಕ್ಕದಲ್ಲೇ ದಶಕಗಳ ನಂತರ ಮಾಮೂಲಿ ಕಂಬಿ ಹಾಕಿ ಕಟ್ಟಿದ ಕಟ್ಟೆ ಹಾಳಾಗಿ, ನೀರಿನಲ್ಲಿ ಕಂಬದ ಮೋಟುಗಳಷ್ಟೇ ಉಳಿದವು.

ಸಮುದ್ರದ ಮಾತು ಬಂತು. ಎರಡನೆಯ ಶತ್ರು ಉಪ್ಪು, ಅಂದರೆ ಕ್ಲೋರೈಡ್. ಸಮುದ್ರದ ನೀರು, ಅಲೆಯ ತುಂತುರು, ಚಳಿ ದೇಶಗಳಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು, ಎಲ್ಲದರಲ್ಲೂ ಇದೆ. ಇದು ಕಾರ್ಬನೇಷನ್ನಿಗಿಂತ ಕೆಟ್ಟದ್ದು. ಪಿಎಚ್ 13 ಇದ್ದರೂ ಲೆಕ್ಕಿಸದೆ ಆ ಪೊರೆಯನ್ನು ಒಂದೊಂದು ಚುಕ್ಕಿಯಲ್ಲಿ ತೂತು ಮಾಡುತ್ತದೆ. ತೂತಿನೊಳಗೆ ಆಮ್ಲ ಹುಟ್ಟುತ್ತದೆ. ಕ್ಲೋರೈಡ್ ತಾನು ಖರ್ಚಾಗದೆ ಮತ್ತೆ ಮತ್ತೆ ಅದೇ ಕೆಲಸಕ್ಕೆ ಬರುತ್ತದೆ. ಮೇಲೆ ಒಂದು ಬಿರುಕೂ ಕಾಣದೆ ಒಳಗೆ ಕಂಬಿ ಸವೆದು ಸಣ್ಣಗಾಗಿರುವುದನ್ನು ನಾನು ನೋಡಿದ್ದೇನೆ.

ಇದರ ಲೆಕ್ಕಕ್ಕೆ ಬೇಕಾದ ನಿಯಮ ಬಂದದ್ದು ವೈದ್ಯಕೀಯದಿಂದ. ಅಡಾಲ್ಫ್ ಫಿಕ್ ಎಂಬ ಜರ್ಮನ್ ವೈದ್ಯ, ಶರೀರಶಾಸ್ತ್ರಜ್ಞ. 1855ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ, ಕೊಳವೆಯ ತಳದಲ್ಲಿ ಉಪ್ಪು ಇಟ್ಟು, ಅದು ಮೇಲಿನ ಸಿಹಿನೀರಿಗೆ ಹೇಗೆ ಹರಡುತ್ತದೆ ಎಂದು ಅಳೆದ. ಶಾಖ ಹರಡಲು ಫೂರಿಯರ್ ಬರೆದ ಸಮೀಕರಣವೇ ಇದಕ್ಕೂ ಒಪ್ಪುತ್ತದೆ ಅಂದ. ಅವನ ತಲೆಯಲ್ಲಿದ್ದದ್ದು ದೇಹದ ಪೊರೆಗಳು. ಕಾಂಕ್ರೀಟ್ ಕಂಬಗಳಲ್ಲ. ನೂರು ವರ್ಷಕ್ಕಿಂತ ಜಾಸ್ತಿ ಕಳೆದ ಮೇಲೆ, 1970ರ ದಶಕದ ಆರಂಭದಲ್ಲಿ, ಇಟಲಿಯ ಮಾರಿಯೋ ಕೊಲ್ಲೆಪಾರ್ಡಿ ಮತ್ತು ಸಂಗಡಿಗರು ಅದನ್ನು ಕಾಂಕ್ರೀಟಿನೊಳಗಿನ ಕ್ಲೋರೈಡಿಗೆ ಹಚ್ಚಿದರು. ಅಲ್ಲಿಂದ ಇಲ್ಲಿವರೆಗೆ ಅದೇ ನಮ್ಮ ಅನ್ನ.

ಅದಕ್ಕೆ ನಾಲ್ಕು ಅಂಕಿ ಬೇಕು. ಮೇಲ್ಮೈಯಲ್ಲಿ ಎಷ್ಟು ಕ್ಲೋರೈಡ್ ಇದೆ. ಅದು ಎಷ್ಟು ಸಲೀಸಾಗಿ ಒಳಗೆ ಹರಡುತ್ತದೆ, ಅಂದರೆ ವಿಸರಣಾಂಕ. ಕಂಬಿ ಎಷ್ಟು ಆಳದಲ್ಲಿದೆ. ಎಷ್ಟು ಕ್ಲೋರೈಡ್ ತಲುಪಿದರೆ ಪೊರೆ ಒಡೆಯುತ್ತದೆ, ಅಂದರೆ ಮಿತಿ. ಸುಮ್ನೆ ಅಂಕಿ ಹಾಕಿ ನೋಡೋಣ. ಮೇಲ್ಮೈಯಲ್ಲಿ ಸಿಮೆಂಟಿನ ತೂಕದ ಶೇಕಡಾ 2, ಮಿತಿ ಶೇಕಡಾ 0.4, ಕವರ್ 50 ಮಿ.ಮೀ. ವಿಸರಣಾಂಕ ಸೆಕೆಂಡಿಗೆ 10⁻¹² ಚದರ ಮೀಟರ್, ಅಂದರೆ ವರ್ಷಕ್ಕೆ ಸುಮಾರು 32 ಚದರ ಮಿ.ಮೀ. ಉತ್ತರ 24 ವರ್ಷ. ಕವರ್ 40 ಮಾಡಿ, 15 ವರ್ಷ. 60 ಮಾಡಿ, 35 ವರ್ಷ. ಕವರನ್ನು 50ರಲ್ಲೇ ಬಿಟ್ಟು ಮಿತಿಯನ್ನು 0.4ರಿಂದ 0.6ಕ್ಕೆ ಏರಿಸಿ, 37 ವರ್ಷ. ಏನೂ ಕಟ್ಟಲಿಲ್ಲ, ಏನೂ ಕೆಡವಲಿಲ್ಲ, ಕಾಗದದ ಮೇಲೆ ಒಂದು ಅಂಕಿ ತಿದ್ದಿದ್ದಕ್ಕೆ ಹದಿಮೂರು ವರ್ಷ ಜಾಸ್ತಿ ಆಯಿತು. ಈ ಮಿತಿಯ ಬಗ್ಗೆ ಪ್ರಯೋಗಗಳ ಫಲಿತಾಂಶ ಒಂದಕ್ಕೊಂದು ಹತ್ತಿರವೇ ಇಲ್ಲ. 0.2ರಿಂದ 2 ದಾಟಿದವರೆಗೂ ವರದಿಗಳಿವೆ. ಕಂಬಿಯ ಮೇಲ್ಮೈ, ಅದರ ಅಡಿಯಲ್ಲಿ ಉಳಿದ ಗಾಳಿಗುಳ್ಳೆ, ಸಿಮೆಂಟಿನ ಜಾತಿ, ತೇವ, ಎಲ್ಲದರ ಮೇಲೂ ಅದು ನಿಂತಿದೆ. ಯಾರಾದರೂ ನಿಮಗೆ ದಶಾಂಶ ಹಾಕಿ "24.1 ವರ್ಷ" ಎಂದು ವರದಿ ಕೊಟ್ಟರೆ, ಆ ದಶಾಂಶ ಎಲ್ಲಿಂದ ಬಂತು ಎಂದು ಕೇಳಿ.

ವಿಸರಣಾಂಕವೂ ಒಂದೇ ಕಡೆ ನಿಲ್ಲುವುದಿಲ್ಲ. ಕಾಂಕ್ರೀಟಿಗೆ ವಯಸ್ಸಾದಂತೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಹಾರುಬೂದಿ, ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಹಾಕಿದ ಕಾಂಕ್ರೀಟಿನಲ್ಲಿ ಇನ್ನೂ ಜಾಸ್ತಿ. ಇದನ್ನು ಒಂದು ವಯಸ್ಸಿನ ಘಾತಾಂಕದಿಂದ, ಅಂದರೆ ವಯಸ್ಸಾದಂತೆ ವಿಸರಣಾಂಕ ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಅಂಕಿಯಿಂದ, ಲೆಕ್ಕಕ್ಕೆ ತರುತ್ತಾರೆ. 28 ದಿನದ ಕಾಂಕ್ರೀಟನ್ನು 25 ವರ್ಷದ್ದಕ್ಕೆ ಹೋಲಿಸಿ. ಘಾತಾಂಕ 0.3 ಆದರೆ ವಿಸರಣಾಂಕ ಸುಮಾರು ಆರನೇ ಒಂದಕ್ಕೆ ಇಳಿದಿರುತ್ತದೆ. 0.6 ಆದರೆ ಮೂವತ್ತೆರಡನೇ ಒಂದಕ್ಕೆ. ಪ್ರಯೋಗಶಾಲೆಯಲ್ಲಿ ನಾವು ಅಳೆಯುವುದು ಹೆಚ್ಚೆಂದರೆ ಒಂದೆರಡು ವರ್ಷ. ಅದರ ಮೇಲೆ ನೂರು ವರ್ಷದ ಗೆರೆ ಎಳೆಯುತ್ತೇವೆ. ಲೈಫ್-365 ಎಂಬ ತಂತ್ರಾಂಶ ಕೆಲವು ದಶಕ ಆದ ಮೇಲೆ ಈ ಇಳಿಕೆಯನ್ನು ನಿಲ್ಲಿಸಿಬಿಡುತ್ತದೆ. ಅದು ವಿಜ್ಞಾನಕ್ಕಿಂತ ಜಾಸ್ತಿ ವಿವೇಕ, ನನಗಂತೂ ಸರಿ ಅನ್ನಿಸುತ್ತದೆ.

ಮೇಲ್ಮೈ ಕ್ಲೋರೈಡ್ ಬಗ್ಗೆ ಒಂದು ಸೇತುವೆಯ ಕಥೆ. ನಾರ್ವೆಯ ಲೋಫೋಟನ್ ದ್ವೀಪಗಳಲ್ಲಿ ಗಿಮ್ಸೊಯ್‌ಸ್ಟ್ರೌಮನ್ ಎಂಬ ಸೇತುವೆ ಇದೆ. 1980ರ ದಶಕದ ಆರಂಭದ್ದು. ಅದರಿಂದ ಬಹಳಷ್ಟು ಕಡೆ ಮಾದರಿ ತೆಗೆದು ಕ್ಲೋರೈಡ್ ಅಳೆದರು. ಗಾಳಿ ಬಂದು ಬಡಿಯುವ ಮುಖದಲ್ಲಿ ಉಪ್ಪು ಜಾಸ್ತಿ ಇರಬೇಕು ಅಲ್ವಾ? ಇದ್ದದ್ದು ಉಲ್ಟಾ. ಗಾಳಿಗೆ ಬೆನ್ನು ಹಾಕಿದ ಮುಖದಲ್ಲೇ ಜಾಸ್ತಿ. ಕಾರಣ, ಗಾಳಿಯ ಜೊತೆ ಮಳೆಯೂ ಬಂದು ಮುಂದಿನ ಮುಖವನ್ನು ತೊಳೆಯುತ್ತದೆ. ಹಿಂದಿನ ಮುಖದಲ್ಲಿ ಸುಳಿಗಾಳಿ ತಂದಿಟ್ಟ ಉಪ್ಪು ಅಲ್ಲೇ ಕೂರುತ್ತದೆ, ತೊಳೆಯುವವರಿಲ್ಲ. ಒಂದೇ ಸೇತುವೆ, ಒಂದೇ ಕಾಂಕ್ರೀಟ್, ಒಂದೇ ಗಾಳಿ. ಮೇಲ್ಮೈ ಕ್ಲೋರೈಡ್ ಅಂತ ಒಂದೇ ಅಂಕಿಯನ್ನು ಇಡೀ ಸೇತುವೆಗೆ ಹಾಕಿದರೆ ಏನಾಗುತ್ತದೆ ಯೋಚಿಸಿ.

ಅಂಕಿಗಳೆಲ್ಲ ಹೀಗೆ ಅಲುಗಾಡುತ್ತಿದ್ದರೆ ಲೆಕ್ಕ ಹಾಕುವುದು ಹೇಗೆ? ಅಲುಗಾಟವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳುವುದು. ಪ್ರತಿ ಅಂಕಿಗೂ ಒಂದು ಸರಾಸರಿ, ಒಂದು ಹರವು ಕೊಡಿ. ಅದರೊಳಗಿಂದ ಚೀಟಿ ಎತ್ತಿದ ಹಾಗೆ ಅಂಕಿ ಎತ್ತಿ, ಹತ್ತು ಸಾವಿರ ಸಲ ಲೆಕ್ಕ ಮಾಡಿ. ಎಷ್ಟು ಸಲ ಪೊರೆ ಒಡೆಯಿತು ಎಂದು ಎಣಿಸಿ. 1990ರ ದಶಕದಲ್ಲಿ ಯುರೋಪಿನ ಡ್ಯುರಾಕ್ರೀಟ್ ಯೋಜನೆ ಇದನ್ನು ಕ್ರಮವಾಗಿ ಬೆಳೆಸಿತು. ಫಿಬ್ ಎಂಬ ಅಂತರರಾಷ್ಟ್ರೀಯ ಕಾಂಕ್ರೀಟ್ ಸಂಸ್ಥೆ 2006ರಲ್ಲಿ ಅದನ್ನು ಮಾರ್ಗಸೂಚಿಯಾಗಿ ತಂದಿತು. ಅಲ್ಲಿ ಪೊರೆ ಒಡೆಯುವ ಸಂಭವ ಸುಮಾರು ಶೇಕಡಾ 10ಕ್ಕೆ ಬಂದರೆ ಆಯಸ್ಸು ಮುಗಿಯಿತು ಎಂದು ಹಿಡಿಯುವುದು ರೂಢಿ.

ನಮ್ಮ 24 ವರ್ಷದ ಉದಾಹರಣೆಯನ್ನೇ ಮತ್ತೆ ಹಿಡಿಯೋಣ. ಉಳಿದ ಅಂಕಿ ಎಲ್ಲ ಗಟ್ಟಿ ಇವೆ, ಕವರ್ ಮಾತ್ರ ಅಲುಗುತ್ತದೆ ಅಂದುಕೊಳ್ಳಿ. ಸರಾಸರಿ 50 ಮಿ.ಮೀ., ವಿಚಲನೆ, ಅಂದರೆ ಸರಾಸರಿಯ ಆಚೀಚೆಯ ಹರವು, 10 ಮಿ.ಮೀ. ಆಗ ಶೇಕಡಾ 10ರ ಗೆರೆ ದಾಟುವುದು 24ರಲ್ಲಿ ಅಲ್ಲ, ಸುಮಾರು 13 ವರ್ಷಕ್ಕೇ. ವಿಚಲನೆಯನ್ನು 5 ಮಿ.ಮೀ.ಗೆ ಇಳಿಸಿ ನೋಡಿ, 18 ವರ್ಷಕ್ಕೆ ಹೋಗುತ್ತದೆ. ಐದು ವರ್ಷ ಲಾಭ. ಸಿಮೆಂಟ್ ಬದಲಿಸಿಲ್ಲ, ರಾಸಾಯನಿಕ ಬೆರೆಸಿಲ್ಲ. ಕಂಬಿಯ ಅಡಿ ಇಡುವ ಸಣ್ಣ ಗಟ್ಟಿ, ಅಂದರೆ ಕವರ್ ಬ್ಲಾಕ್, ಸರಿಯಾದ ಅಳತೆಯದ್ದು ಇಟ್ಟು, ಕಾಂಕ್ರೀಟ್ ಸುರಿಯುವಾಗ ಕಂಬಿಯ ಮೇಲೆ ಓಡಾಡಿ ತುಳಿಯದಿದ್ದರೆ ಸಾಕು. ಅರ್ಧ ಕವರ್, ಕಾಲು ಆಯಸ್ಸು ಎಂದು ಆಗಲೇ ಹೇಳಿದೆನಲ್ಲ. ಅದಕ್ಕೇ ಇದು ಇಷ್ಟು ಕಾಡುತ್ತದೆ.

ಎರಡನೇ ಗೆರೆ, ತುಕ್ಕಿನ ಕಾಲ, ಇದರ ಬಗ್ಗೆ ಚಿಕ್ಕದಾಗಿ. ತುಕ್ಕು ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕಂಬಿ ಕೆಲವೇ ಹತ್ತು ಮೈಕ್ರಾನ್ ಸವೆದರೆ, ಅಂದರೆ ತಲೆಕೂದಲಿಗಿಂತ ತೆಳ್ಳಗಿನ ಒಂದು ಪದರ ಹೋದರೆ, ಮೇಲಿನ ಕಾಂಕ್ರೀಟ್ ಬಿರಿಯಲು ಸಾಕಾಗಬಹುದು. ತುಕ್ಕಿನ ವಿದ್ಯುತ್ ಚದರ ಸೆಂಟಿಮೀಟರಿಗೆ ಒಂದು ಮೈಕ್ರೋ ಆಂಪಿಯರ್ ಇದ್ದರೆ ವರ್ಷಕ್ಕೆ 11.6 ಮೈಕ್ರಾನ್ ಸವೆಯುತ್ತದೆ. ಕೂಡಿಸಿ ನೋಡಿ, ಕೆಲವೇ ವರ್ಷ. ಉಪ್ಪು ಮುಟ್ಟಿದ ಮೇಲೆ ಜಾಸ್ತಿ ಸಮಯ ಇರುವುದಿಲ್ಲ. ಅದಕ್ಕೇ ಎಲ್ಲರೂ ಮೊದಲ ಗೆರೆಯ ಹಿಂದೆ ಬಿದ್ದಿರುವುದು.

ಕಂಬಿಯನ್ನು ಬಿಟ್ಟು ಕಾಂಕ್ರೀಟನ್ನೇ ತಿನ್ನುವ ರಸಾಯನಗಳೂ ಇವೆ. ಮಣ್ಣು, ಅಂತರ್ಜಲದಲ್ಲಿರುವ ಸಲ್ಫೇಟ್ ಒಳಗೆ ಬಂದು ಸಿಮೆಂಟಿನ ಅಲ್ಯುಮಿನೇಟ್ ಜೊತೆ ಸೇರಿ ಎಟ್ರಿಂಗೈಟ್ ಎಂಬ ಸೂಜಿಯಂಥ ಹರಳಾಗುತ್ತದೆ. ಹಿಂದೆ ಇದನ್ನು ಸಿಮೆಂಟಿನ ರೋಗಾಣು ಅನ್ನುತ್ತಿದ್ದರು. ವಿಚಿತ್ರ ಏನೆಂದರೆ, ಕಾಂಕ್ರೀಟ್ ಹಾಕಿದ ಮೊದಲ ಗಂಟೆಗಳಲ್ಲಿ ಇದೇ ಹರಳು ಹುಟ್ಟುತ್ತದೆ, ಅದೂ ನಾವೇ ಸಿಮೆಂಟಿಗೆ ಜಿಪ್ಸಂ ಬೆರೆಸಿ ಹುಟ್ಟಿಸುತ್ತೇವೆ. ಹಸಿ ಇರುವಾಗ ಬಂದರೆ ಒಳ್ಳೆಯದು, ಗಟ್ಟಿ ಆದ ಮೇಲೆ ಬಂದರೆ ಬಿರುಕು. ಒಳಚರಂಡಿ ಕೊಳವೆಗಳಲ್ಲಿ ಬ್ಯಾಕ್ಟೀರಿಯಾ ಗಂಧಕಾಮ್ಲವನ್ನೇ ತಯಾರಿಸುತ್ತವೆ. ಕೊಳವೆ ಕೆಳಗೆ ಚೆನ್ನಾಗಿದ್ದು ಮೇಲ್ಛಾವಣಿ ಕರಗಿಹೋಗಿರುತ್ತದೆ. ಇನ್ನು ಮೆದು ನೀರು ಸುಣ್ಣವನ್ನು ತೊಳೆದು ಒಯ್ಯುವುದು ಬಹಳ ನಿಧಾನ. ಅಣು ತ್ಯಾಜ್ಯ ಹೂಳುವವರಿಗೆ ಸಾವಿರಾರು ವರ್ಷದ ಚಿಂತೆ ಇರುವುದರಿಂದ ಅವರು ಅದನ್ನು ತಲೆಕೆಡಿಸಿಕೊಂಡು ಲೆಕ್ಕ ಹಾಕುತ್ತಾರೆ.

ನನಗೆ ಇವುಗಳಲ್ಲಿ ಹೆಚ್ಚು ಕುತೂಹಲ ಇರುವುದು ಜಲ್ಲಿಯೇ ಕೈಕೊಡುವ ರೋಗದ ಬಗ್ಗೆ. ಕ್ಷಾರ ಮತ್ತು ಸಿಲಿಕಾದ ಕ್ರಿಯೆ. 1940ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಸ್ಟ್ಯಾಂಟನ್ ಇದನ್ನು ತೋರಿಸಿಕೊಟ್ಟರು. ಕೆಲವು ಜಾತಿಯ ಕಲ್ಲಿನ ಸಿಲಿಕಾ ಸಿಮೆಂಟಿನ ಕ್ಷಾರದಲ್ಲಿ ಕರಗಿ ಗೋಂದಿನಂಥ ಜೆಲ್ ಆಗುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಮ್ಯಾಕ್ಟಾಕ್ವಾಕ್ ಎಂಬ ಅಣೆಕಟ್ಟು ಇದೆ. 1968ರಲ್ಲಿ ವಿದ್ಯುತ್ ಶುರು ಮಾಡಿತು, ನೂರು ವರ್ಷ ಬಾಳಬೇಕಿತ್ತು. ಅದರ ಕಾಂಕ್ರೀಟ್ ಇವತ್ತಿಗೂ ಬೆಳೆಯುತ್ತಿದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ಹಿಗ್ಗುತ್ತಿದೆ. ಯಂತ್ರಗಳು ಸಿಕ್ಕಿಹಾಕಿಕೊಳ್ಳಬಾರದು ಎಂದು ವಜ್ರದ ತಂತಿಯಿಂದ ಅಣೆಕಟ್ಟನ್ನೇ ಕೊಯ್ದು ಸಂದು ಮಾಡುತ್ತಾರೆ. ಕಾಂಕ್ರೀಟ್ ಹಿಗ್ಗಿ ಆ ಸಂದು ಮುಚ್ಚಿಕೊಳ್ಳುತ್ತಾ ಬರುತ್ತದೆ, ಮತ್ತೆ ಕೊಯ್ಯುತ್ತಾರೆ.

ಇಲ್ಲಿ ವರ್ಗಮೂಲ ಕೆಲಸ ಮಾಡುವುದಿಲ್ಲ. ಮೊದಲು ಏನೂ ಆಗದ ಕಾಲ, ಆಮೇಲೆ ಜೋರು, ಕೊನೆಗೆ ತಣ್ಣಗಾಗುವುದು. ಇಂಗ್ಲಿಷಿನ ಎಸ್ ಅಕ್ಷರ ಮಲಗಿದ ಹಾಗೆ. ಫ್ರಾನ್ಸಿನ ಕ್ಯಾಥರೀನ್ ಲಾರೀವ್ 1990ರ ದಶಕದಲ್ಲಿ ಈ ಗೆರೆಗೆ ಸಮೀಕರಣ ಕೊಟ್ಟರು. ಅದರಲ್ಲಿ ಕೊನೆಗೆ ಎಷ್ಟು ಹಿಗ್ಗುತ್ತದೆ ಎಂಬುದು ಒಂದು, ಸುಮ್ಮನಿರುವ ಕಾಲ ಒಂದು, ಹಿಗ್ಗುವ ವೇಗಕ್ಕೆ ಸಂಬಂಧಿಸಿದ ಕಾಲ ಒಂದು. ಕಷ್ಟ ಎಲ್ಲಿ ಅಂದರೆ, ಬಾಗಿನ ಶುರುವಿನಲ್ಲಿ ನಿಂತು ನೋಡಿದರೆ ಅದು ಎಲ್ಲಿ ನಿಲ್ಲುತ್ತದೆ ಎಂದು ಕಾಣುವುದಿಲ್ಲ. ಅರ್ಧ ದಾರಿ ಕಳೆದ ಮೇಲೇ ಗೊತ್ತಾಗುವುದು.

ಇಷ್ಟೆಲ್ಲ ರಸಾಯನಗಳು ಒಂದೇ ಗೋಡೆಯಲ್ಲಿ ಒಟ್ಟಿಗೇ ನಡೆಯುತ್ತವೆ. ಕಾರ್ಬನೇಷನ್ ಆದರೆ, ಸಿಮೆಂಟ್ ಹಿಡಿದಿಟ್ಟುಕೊಂಡಿದ್ದ ಕ್ಲೋರೈಡ್ ಬಿಡುಗಡೆ ಆಗುತ್ತದೆ. ಹಿಗ್ಗಿ ಬಿರುಕು ಬಿಟ್ಟರೆ ಎಲ್ಲರಿಗೂ ಬಾಗಿಲು ತೆರೆದ ಹಾಗೆ. ಇದನ್ನೆಲ್ಲ ಒಟ್ಟಿಗೆ ಕಟ್ಟುವ ದೊಡ್ಡ ಮಾದರಿಗಳಿವೆ. ರಂಧ್ರದ ನೀರಿನಲ್ಲಿ ಯಾವ ಖನಿಜ ಕರಗುತ್ತದೆ, ಯಾವುದು ಕೂರುತ್ತದೆ ಎಂದು ಲೆಕ್ಕ ಹಾಕುವ ಫ್ರೀಕ್ ಎಂಬ ತಂತ್ರಾಂಶವನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ಬೆಳೆಸಿ ಪುಕ್ಕಟೆ ಕೊಡುತ್ತದೆ. ಅದನ್ನು ವಿಸರಣೆಯ ಲೆಕ್ಕಕ್ಕೆ ಜೋಡಿಸಿದರೆ, ಹರಳು ಹರಳಿನ ಚರಿತ್ರೆಯನ್ನೇ ನೋಡಬಹುದು. ಏನು ನಡೆಯುತ್ತಿದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಆದರೆ ನನ್ನದೇ ಒಂದು ಪೆದ್ದುತನ ಹೇಳಬೇಕು. ವಯಸ್ಸಿನಲ್ಲಿ ಇದ್ದಾಗ ಒಂದು ಕಡಲಕಟ್ಟೆಗೆ ಅಂಥ ಮಾದರಿ ಬರೆದೆ. ಮೂವತ್ತಕ್ಕಿಂತ ಜಾಸ್ತಿ ಅಂಕಿ ಕೇಳುವ ಮಾದರಿ. ರಾತ್ರಿಯಿಡೀ ಕಂಪ್ಯೂಟರ್ ಓಡುತ್ತಿತ್ತು. ಉಬ್ಬರದ ನೀರು ಬಂದು ಹೋಗುವ ಕಡೆ ಕಂಬಗಳು ಮೊದಲು ಕೆಡುತ್ತವೆ, ಅದಕ್ಕಿನ್ನೂ ಇಪ್ಪತ್ತು ವರ್ಷ ಇದೆ ಎಂದು ಬಣ್ಣದ ಚಿತ್ರ ಹಾಕಿ ವರದಿ ಕೊಟ್ಟೆ. ಮೂರನೇ ವರ್ಷಕ್ಕೆ ಚಕ್ಕೆ ಬಿತ್ತು. ಕಂಬದಲ್ಲಲ್ಲ, ಮೇಲಿನ ಸ್ಲ್ಯಾಬಿನ ಅಡಿಯಲ್ಲಿ. ಹೋಗಿ ಅಳೆದರೆ ಅಲ್ಲಿ ಕವರ್ 20 ಮಿ.ಮೀ. ಸಹ ಇರಲಿಲ್ಲ. ಕವರ್ ಬ್ಲಾಕ್ ಜಾರಿ ಬಿದ್ದಿದ್ದವು. ನಕ್ಷೆಯಲ್ಲಿ 50 ಇತ್ತು, ನಾನು 50 ಹಾಕಿದ್ದೆ. ಕವರ್ ಅಳೆಯುವ ಮೀಟರ್ ನಮ್ಮ ಕಚೇರಿಯ ಬೀರುವಿನಲ್ಲೇ ಇತ್ತು. ಅರ್ಧ ದಿನದ ಕೆಲಸ.

ಅಂದಿನಿಂದ ನನ್ನ ಕ್ರಮ ತಿರುಗಿತು. ಮೊದಲು ನಾಲ್ಕು ಅಂಕಿಯ ಸಣ್ಣ ಮಾದರಿ, ಕಾಗದದ ಮೇಲೆ. ಅದು ಯಾವ ಅಂಕಿಗೆ ಹೆದರುತ್ತದೆ ಎಂದು ನೋಡುವುದು. ಆ ಅಂಕಿಯನ್ನು ಅಳೆಯಲು ಹೋಗುವುದು. ಕವರ್ ಅಳತೆ ನೂರಾರು ಕಡೆ, ಅದು ಅಗ್ಗ. ಕೋರ್ ಕೆಲವು ಕಡೆ, ಗಾಳಿಗೆ ಮುಖ ಮಾಡಿದ ಕಡೆಯೂ ಬೆನ್ನು ಹಾಕಿದ ಕಡೆಯೂ. ಕ್ಲೋರೈಡನ್ನು ಮಿಲಿಮೀಟರ್ ಮಿಲಿಮೀಟರಾಗಿ ಪುಡಿ ಅರೆದು, ಆಳದ ಜೊತೆ ಹೇಗೆ ಇಳಿಯುತ್ತದೆ ಎಂದು ಗೆರೆ ಹಾಕುವುದು. ಮೇಲಿನ ಹತ್ತು ಮಿಲಿಮೀಟರನ್ನು ಲೆಕ್ಕದಿಂದ ಬಿಡುವುದು, ನೆನೆದು ಒಣಗುವ ಆಟದಲ್ಲಿ ಅಲ್ಲಿ ಫಿಕ್ ನಿಯಮ ನಡೆಯುವುದಿಲ್ಲ. ಐದಾರು ವರ್ಷ ಬಿಟ್ಟು ಮತ್ತೆ ಅದೇ ಜಾಗದ ಪಕ್ಕದಲ್ಲಿ ಅಳೆದರೆ ಆ ವಯಸ್ಸಿನ ಘಾತಾಂಕ ಊಹೆಯಿಂದ ಅಲ್ಲ, ನಿಮ್ಮ ಕಟ್ಟಡದಿಂದಲೇ ಸಿಗುತ್ತದೆ. ಎರಡನೇ ಅಳತೆಗೆ ದುಡ್ಡು ಕೇಳುವುದು ಕಷ್ಟ. ಮೊದಲ ವರದಿ ಕೊಡುವಾಗಲೇ ಬರೆದುಬಿಡಿ, ಈ ಉತ್ತರ ಇಷ್ಟು ವರ್ಷದವರೆಗೆ ಮಾತ್ರ, ಆಮೇಲೆ ಮತ್ತೆ ಅಳೆಯಬೇಕು ಅಂತ.

ಇಲ್ಲಿಗೆ ಬರುವ ಮೊದಲು ಒಬ್ಬರು ಕೇಳಿದರು, ಆ ಚಕ್ಕೆ ಬಿದ್ದ ಬೀಮಿಗೆ ಎಷ್ಟು ವರ್ಷ ಅಂದಿರಿ ಎಂದು. ಕಾರ್ಬನೇಷನ್ ಅಳೆದೆವು, ಬಹುಪಾಲು ಕಡೆ ಗಡಿ ಕಂಬಿಯಿಂದ ದೂರ ಇತ್ತು. ಬೀಮಿನ ಅಂಚಿನಲ್ಲಿ, ಎರಡು ಕಡೆಯಿಂದ ಗಾಳಿ ಬರುವ ಮೂಲೆಯಲ್ಲಿ, ಕವರ್ ಕಡಿಮೆ ಇದ್ದ ಒಂದು ಮಾರು ಉದ್ದದಲ್ಲಿ ಮಾತ್ರ ದಾಟಿತ್ತು. ವರ್ಷ ಹೇಳಲಿಲ್ಲ. ಆ ಒಂದು ಮಾರು ಜಾಗವನ್ನು ಕೆತ್ತಿ, ಕಂಬಿ ಉಜ್ಜಿ, ಮತ್ತೆ ಕಟ್ಟಿ ಅಂದೆವು. ಮೇಲಿಂದ ನೀರು ಸೋರುವುದನ್ನು ನಿಲ್ಲಿಸಿ ಅಂದೆವು. ಮತ್ತೆ, ನಾವು ಕೋರ್ ತೆಗೆದ ಆರು ತೂತುಗಳನ್ನು ಸರಿಯಾದ ಗಾರೆ ಹಾಕಿ ತುಂಬಿಸಿ ಬಂದೆವು. ತುಂಬದೆ ಬಿಟ್ಟಿದ್ದರೆ ಹತ್ತು ವರ್ಷಕ್ಕೆ ಅಲ್ಲಿಂದಲೇ ತುಕ್ಕು ಶುರುವಾಗಿರುತ್ತಿತ್ತು, ಮಾದರಿ ಹಾಕಿದವರೇ ಕೆಡಿಸಿದರು ಅನ್ನುತ್ತಿದ್ದರು.

ಚಕ್ಕೆ ಕೊನೆಯ ಸಾಲಿಗೆ ತಲುಪಿದೆಯಾ? ಹೋಗುವಾಗ ವಾಪಸ್ ಕೊಡಿ, ಇನ್ನೊಂದು ಕಡೆ ಉಪನ್ಯಾಸ ಇದೆ.